ಖಾಲಿ ಜಾಗವನ್ನೂ ಬಿಡಬೇಡ ಎಂದ ಟೀಚರ್

ಟೀಚರ ಬಲಗೈ ತೋರುಬೆರಳು ಮೇಲಿನ ಗಂಟಿನಲ್ಲಿ ಎಡಕ್ಕೆ ತಿರುಗಿತ್ತು. ಮೂವತ್ತು ವರ್ಷ ಅದೇ ಬೆರಳಿನಿಂದ ಮಕ್ಕಳ ನೆತ್ತಿಗೆ ಕುಟ್ಟಿ, ಅದೇ ಬೆರಳಿನಿಂದ ಎಂಟರ್ ಒತ್ತಿ ಹಾಗಾದದ್ದು ಎಂಬುದು ನನ್ನ ಸಂಶೋಧನೆ. ಅವರು ಮಹಡಿಯಲ್ಲಿ ಎಂಟರ್ ಒತ್ತಿದರೆ ಕೆಳಗೆ ನಮ್ಮ ಅಡುಗೆಮನೆಯ ತಟ್ಟೆಗಳು ಅದುರುತ್ತಿದ್ದವು, ಕುದ್ರೋಳಿಯ ಅರ್ಧ ಕಾಗೆಗಳು ಎದ್ದು ಬಂದರಿನ ಕಡೆ ಹಾರುತ್ತಿದ್ದವು. ಸ್ವಲ್ಪ ಹೆಚ್ಚು ಹೇಳಿದೆ. ತಟ್ಟೆಗಳು ಅದುರುತ್ತಿರಲಿಲ್ಲ.

ಅವರು ನಮ್ಮ ಮಹಡಿಯಲ್ಲಿ ಬಾಡಿಗೆಗೆ ಇದ್ದವರು. ಕಾನ್ವೆಂಟ್ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಬರುವಾಗ ಜೊತೆಗೆ ತೊಂಬತ್ತರ ಹತ್ತಿರದ ತಾಯಿ ಇದ್ದರು, ಟೀಚರ ಬಾಯಲ್ಲಿ ‘ಮಾಂಯ್’. ಮಾಂಯ್ ತೀರಿಕೊಂಡ ಮೇಲೆ ಮಹಡಿಯಲ್ಲಿ ಉಳಿದದ್ದು ಟೀಚರ್, ಒಂದು ಹಳೆಯ ಕಂಪ್ಯೂಟರ್, ಮತ್ತು ಆ ಮನೆಯ ವೈಫೈ. ನಾನು ದಿನಾ ಹತ್ತಿ ಹೋಗುತ್ತಿದ್ದದ್ದು ಮೂರನೆಯದಕ್ಕೆ.

ಕದ್ದ ಸಾಫ್ಟ್‌ವೇರ್ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಯಾರೋ ಅವರ ಕಂಪ್ಯೂಟರಿಗೆ ಕಳ್ಳ ಪ್ರತಿ ಹಾಕಿಕೊಟ್ಟದ್ದು ಗೊತ್ತಾಗಿ, ಚರ್ಚಿಗೆ ಹೋಗಿ ಪಾಪನಿವೇದನೆ ಮಾಡಿ ಬಂದಿದ್ದರು. ಫಾದರ್ ಎಂತ ಹೇಳಿದರು ಎಂದು ಕೇಳಿದೆ. ಫಾದರ್ ತುಂಬಾ ಹೊತ್ತು ಕೆಮ್ಮಿದರು, ಆಮೇಲೆ ಚರ್ಚ್ ಆಫೀಸಿನ ಕಂಪ್ಯೂಟರನ್ನೂ ಒಮ್ಮೆ ನೋಡಬಹುದಾ ಎಂದು ಕೇಳಿದರು ಎಂದರು ಟೀಚರ್. ಅಂದಿನಿಂದ ಟೀಚರ್ ಬಳಸುತ್ತಿದ್ದದ್ದು ಪುಕ್ಕಟೆ ಸಿಗುವವನ್ನು ಮಾತ್ರ. ಅದರಲ್ಲೂ ಹಾರ್ಡ್ ಡಿಸ್ಕಿನ ನಕಲು ತೆಗೆಯುವ ಸಾಫ್ಟ್‌ವೇರ್ ಎಂದರೆ ಅವರಿಗೆ ಹುಚ್ಚು. ಯಾರ ಕಂಪ್ಯೂಟರ್ ಹಾಳಾಗಿ ಬಂದರೂ ಮೊದಲು ಇಡೀ ಡಿಸ್ಕಿನ ನಕಲು, ಆಮೇಲೆ ರಿಪೇರಿ.

ಆ ಸಾಫ್ಟ್‌ವೇರ್‌ಗಳಿಗೆ ಅವರು ನೂರು ಪುಟದ ಪುಸ್ತಕದಲ್ಲಿ ಮಾರ್ಕು ಹಾಕುತ್ತಿದ್ದರು, ಶಾಲೆಯ ಮಕ್ಕಳಿಗೆ ಹಾಕಿದ ಹಾಗೆ. ಚಂದ, ವೇಗ, ನಡತೆ ಎಂದು ಮೂರು ಕಲಂ. ಒಂದಕ್ಕೆ ನಡತೆಯಲ್ಲಿ ಸೊನ್ನೆ: ಪುಕ್ಕಟೆ ಎಂದು ಒಳಗೆ ಬಿಟ್ಟುಕೊಂಡು, ನಕಲು ವಾಪಸ್ ಬೇಕು ಎನ್ನುವಾಗ ಹಣ ಕೇಳುತ್ತದೆ. ಇನ್ನೊಂದು, ಒಬ್ಬನನ್ನು ಊಟಕ್ಕೆ ಕರೆದರೆ ನಾಲ್ಕು ಜನ ನೆಂಟರನ್ನು ಕರೆದುಕೊಂಡು ಬರುವ ಜಾತಿ. ಹಾಕಿದ್ದು ಒಂದು, ಬೆಳಗಾಗುವಾಗ ಕಂಪ್ಯೂಟರಿನಲ್ಲಿ ಐದು. ಮೂರನೆಯದಕ್ಕೆ ಚಂದದಲ್ಲಿ ತೊಂಬತ್ತು. ಬಣ್ಣದ ಬಟನ್ನು, ಓಡುವ ಹಸಿರು ಗೆರೆ. ಎಲ್ಲದಕ್ಕೂ ಮೇಲೆ ಇದ್ದದ್ದು ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಮಾತ್ರ ತೋರಿಸುವ ಒಂದು ಮುದಿ ಪ್ರೋಗ್ರಾಮು. ಚಂದಕ್ಕೆ ನಾಲ್ಕು, ವೇಗಕ್ಕೆ ಆರು, ನಡತೆಗೆ ನೂರು.

“ಆ ಚಂದದ್ದು ಫೈಲ್ ಇರುವ ಜಾಗ ಮಾತ್ರ ನೋಡ್ತದೆ,” ಎಂದಿದ್ದರು. “ಈ ಕಪ್ಪಿನವ ಮೊದಲ ಮೂಲೆಯಿಂದ ಕಡೆಯ ಮೂಲೆಯವರೆಗೆ ಬರೀತಾನೆ. ಖಾಲಿ ಉಂಟಲ್ಲ, ಅದನ್ನೂ.”

ಖಾಲಿಯನ್ನು ಎಂತಕ್ಕೆ ನಕಲು ಮಾಡಬೇಕು ಎಂದು ನಾನು ನಕ್ಕಿದ್ದೆ. ನನ್ನ ಗಣಿತದ ಉತ್ತರ ಪತ್ರಿಕೆಯನ್ನೂ ಹಾಗೇ ನಕಲು ತೆಗೆದಿಡಬಹುದು ಎಂದೂ ಸೇರಿಸಿದ್ದೆ. ನೆತ್ತಿಗೆ ಒಂದು ಬಿತ್ತು.

ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಟೀಚರ್ ಒಂದು ತಪ್ಪು ಮಾಡಿದರು. ಕೊಂಕಣಿ ಕ್ರಿಶ್ಚಿಯನ್ನರ ಮದುವೆಯ ಹಿಂದಿನ ದಿನ ರೋಸ್ ಎಂಬ ಶಾಸ್ತ್ರ ಉಂಟು; ಮದುಮಗಳಿಗೆ ತೆಂಗಿನಹಾಲು ಹಚ್ಚುತ್ತಾ ಹೆಂಗಸರು ವೊವಿಯೊ ಎಂಬ ಹಾಡು ಹೇಳುತ್ತಾರೆ. ಮಾಂಯ್‌ಗೆ ಅವು ರಾಶಿ ಬರುತ್ತಿದ್ದವು. ಕಡೆಯ ಎರಡು ವರ್ಷ ಟೀಚರ್ ಅವರನ್ನು ಅಡುಗೆಮನೆಯಲ್ಲಿ ಕೂರಿಸಿ, ಕುಕ್ಕರಿನ ಎರಡು ಸೀಟಿಗಳ ನಡುವೆ, ಒಂದೊಂದೇ ಹಾಡಿಸಿ ಕಂಪ್ಯೂಟರಿಗೆ ತುಂಬಿಸಿದ್ದರು. ಒಂದೇ ಹೆಸರಿನ ಎರಡು ಫೋಲ್ಡರ್ ಆಗಿತ್ತು. ನಾಲ್ಕು ಹಾಡಿನದನ್ನು ಇಟ್ಟುಕೊಂಡು, ಹಾಡೆಲ್ಲ ತುಂಬಿದ್ದನ್ನು ಅಳಿಸಿಬಿಟ್ಟರು. ಬೇರೆಯವರ ಡಿಸ್ಕನ್ನೆಲ್ಲ ಮೂಲೆಮೂಲೆಯೂ ನಕಲು ತೆಗೆದವರು ತಮ್ಮದಕ್ಕೆ ನಾಳೆ ನಾಳೆ ಎಂದಿದ್ದರು.

ಅದು ಗೊತ್ತಾದ ವಾರವೇ ಡಿಸ್ಕು ಟಿಕ್ ಟಿಕ್ ಎನ್ನತೊಡಗಿತು, ಸಾಯುವ ಸದ್ದು. ಅದೇ ವಾರ ಟೀಚರಿಗೆ ಕಣ್ಣಿನ ಪೊರೆಯ ಆಪರೇಷನ್. ಹದಿನೈದು ದಿನ ಪರದೆ ನೋಡಕೂಡದು ಎಂದು ಡಾಕ್ಟರು ಹೇಳಿದ್ದರು. ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿ ಕೂತು ನನ್ನನ್ನು ಕರೆಸಿದರು.

“ಅಳಿಸಿದರೆ ಹೆಸರು ಮಾತ್ರ ಹೋಗೋದು. ಕಂಪ್ಯೂಟರಿಗೆ ಅದು ಖಾಲಿ ಜಾಗ. ಆದರೆ ಮಾಂಯ್ ಅಲ್ಲೇ ಇದ್ದಾರೆ. ಕಪ್ಪಿನವನನ್ನೇ ಹಾಕು, ಹನ್ನೆರಡು ಗಂಟೆ ಆದ್ರೂ ಆಗಲಿ. ಖಾಲಿ ಜಾಗವನ್ನೂ ಬಿಡಬೇಡ ಮಾರಾಯ.”

ಆಯಿತು ಟೀಚರ್ ಎಂದೆ. ಅವರು ಒಳಗೆ ಹೋಗಿ ಮಲಗಿದರು.

ಕಪ್ಪು ಪರದೆ ಹಾಕಿ ಕಾಲು ಗಂಟೆ ಕೂತೆ. ನೂರಕ್ಕೆ ಎರಡು ಅಂಶವೂ ಆಗಿರಲಿಲ್ಲ. ಬಸವನಹುಳು ಬಂದರಿನಿಂದ ಬಜಪೆಗೆ ಹೊರಟು, ದಾರಿಯಲ್ಲಿ ಚಾ ಕುಡಿಯಲು ನಿಂತ ಹಾಗಿತ್ತು. ನನಗೋ ಇಂಥದ್ದರಲ್ಲಿ ಟೀಚರನ್ನು ಮೀರಿಸಬೇಕೆಂದು ಬಹಳ ದಿನದ ಚಪಲ. ಹನ್ನೆರಡು ಗಂಟೆಯ ಕೆಲಸ ನಲವತ್ತು ನಿಮಿಷಕ್ಕೆ ಮುಗಿಸಿದೆ ಎಂದರೆ ಮುಖ ಹೇಗಾದೀತು ಎಂದು ಊಹಿಸಿಕೊಂಡು, ನಿಲ್ಲಿಸಿ ಚಂದದ್ದನ್ನು ಹಾಕಿದೆ. ಅದು ಸುಳ್ಳು ಹೇಳಲಿಲ್ಲ. ಫೈಲ್ ಇರುವ ಜಾಗವನ್ನು ಮಾತ್ರ ನಕಲು ಮಾಡುತ್ತೇನೆ, ಆಗಬಹುದಾ ಎಂದು ದೊಡ್ಡ ಅಕ್ಷರದಲ್ಲಿ ಕೇಳಿತು. ಓದಿದೆ. ಎರಡು ಸಲ ಓದಿದೆ. ಎಂಟರ್ ಒತ್ತಿದೆ.

ಎದ್ದು ಬಂದ ಟೀಚರಿಗೆ ಎಲ್ಲ ಮುಗಿಯಿತು ಎಂದೆ. ಇಷ್ಟು ಬೇಗವಾ ಎಂದರು. ನನ್ನ ಕೈಗುಣ ಎಂದೆ. ಕಣ್ಣು ಕಾಣದವರು ನಂಬಿದರು. ನಮ್ಮ ಅಮ್ಮನನ್ನು ಕರೆದು ನನ್ನನ್ನು ಹೊಗಳಿದರು ಕೂಡ. ಅಮ್ಮ ಅಂದು ಸಂಜೆ ನೀರುದೋಸೆಗೆ ಕೋಳಿ ಸಾರು ಮಾಡಿದಳು. ನಾನು ಒಂಬತ್ತು ದೋಸೆ ತಿಂದೆ. ಇದರಲ್ಲಿ ಹೆಚ್ಚು ಹೇಳಿದ್ದು ಏನೂ ಇಲ್ಲ.

ಹದಿನೈದು ದಿನ ಕಳೆದು ಟೀಚರ್ ನಕಲನ್ನು ತೆರೆದರು. ಅಷ್ಟರೊಳಗೆ ಹಳೆಯ ಡಿಸ್ಕು ತಿರುಗುವುದನ್ನೇ ನಿಲ್ಲಿಸಿತ್ತು. ಹಂಪನಕಟ್ಟೆಯ ಅಂಗಡಿಯವನು ಬಿಚ್ಚಿ ನೋಡಿ, ಒಳಗಿನ ತಟ್ಟೆ ಗೀಚಿ ಹೋಗಿದೆ, ಇನ್ನು ಆಗುವುದಿಲ್ಲ ಎಂದು ಕೈಚೆಲ್ಲಿದ್ದ. ನಾನು ಅವರ ಹಿಂದೆ ನಿಂತಿದ್ದೆ. ಮಾಂಯ್ ಇರಬೇಕಾದ ಕಡೆ ಸಾಲು ಸಾಲು ಸೊನ್ನೆ, ನಕಲಾಗದೆ ಉಳಿದ ಜಾಗ. ಕೆಳಗೆ ಹೋದರು, ಸೊನ್ನೆ. ಇನ್ನೂ ಕೆಳಗೆ ಹೋದರು. ಡೊಂಕು ಬೆರಳು ನಿಲ್ಲಲಿಲ್ಲ.

“ಇದು ಕಪ್ಪಿನವನದ್ದಲ್ಲ,” ಎಂದರು, ತಿರುಗದೆ.

ಇನ್ನೊಂದು ಪುಟ ಕೆಳಗೆ ಹೋದರು.

“ಇದು ಅರ್ಧ ಮಾತ್ರ ತೆಗೀತದೆ ಅಂತ ನಿನಗೆ ಗೊತ್ತಿತ್ತಾ?”

“ಇಲ್ಲ ಟೀಚರ್.”

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು, ಬೈಗಳಿಗೆ ನನ್ನ ಹತ್ತಿರ ಯಾವಾಗಲೂ ಉತ್ತರ ಇರುತ್ತದೆ. ಅವರು ಕಂಪ್ಯೂಟರ್ ಆರಿಸಿ, ಹೋಗಿ ಚಾ ಮಾಡಿ ತಂದರು. ನನಗೂ ಕೊಟ್ಟರು. ಕಪ್ಪು ಪರದೆಯವನನ್ನು ಹೇಗೆ ನಡೆಸುವುದು ಎಂದು ಮರುದಿನದಿಂದ ಒಂದು ವಾರ ಕೂರಿಸಿ ಕಲಿಸಿದರು, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂಬ ಹಾಗೆ.

ಕ್ರಿಸ್ಮಸ್ ಕಳೆದು ಅವರ ತಂಗಿಯ ಮಗಳ ರೋಸ್ ಇತ್ತು. ಊಟದ ಆಸೆಗೆ ನಾನೂ ಹೋಗಿದ್ದೆ. ಮಾಂಯ್‌ನ ಹಾಡು ಹೇಳು ಎಂದು ಹೆಂಗಸರು ಟೀಚರನ್ನು ಮುಂದೆ ಕೂರಿಸಿದರು. ಉಳಿದ ನಾಲ್ಕನ್ನು ಹೇಳಿದರು. ಇನ್ನೊಂದು, ಇನ್ನೊಂದು ಎಂದು ಹೆಂಗಸರು ಒತ್ತಾಯಿಸಿದಾಗ ಟೀಚರ್ ಐದನೆಯದಕ್ಕೆ ಬಾಯಿ ತೆರೆದರು. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ತೆಂಗಿನಹಾಲಿನ ಪಾತ್ರೆ ಹಿಡಿದು ಎಲ್ಲರೂ ಕಾದರು. ನಾನು ಕೈತೊಳೆಯುವ ನೆಪದಲ್ಲಿ ಎದ್ದುಹೋದೆ.

ಈ ವರ್ಷ ಏಪ್ರಿಲಿನಲ್ಲಿ, ಒಂದು ಮಧ್ಯಾಹ್ನ, ಮೀನು ತೊಳೆಯುತ್ತಿದ್ದ ಟೀಚರ್ ಎದೆ ಹಿಡಿದು ಕೂತರಂತೆ. ಆಸ್ಪತ್ರೆಗೆ ಮುಟ್ಟಲಿಲ್ಲ.

ಮಣ್ಣಾದ ಮೇಲೆ ಚರ್ಚಿನ ಗೇಟಿನಲ್ಲಿ ಅವರ ತಂಗಿ ನನ್ನ ಎರಡೂ ಕೈ ಹಿಡಿದುಕೊಂಡರು. ಕಂಪ್ಯೂಟರ್ ಕೆಲಸಕ್ಕೆ ಅಕ್ಕನಿಗೆ ನೀನೊಬ್ಬ ಇದ್ದೆ, ದೊಡ್ಡ ಉಪಕಾರ ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು, “ಆ ಹಾಡಿನ ವಿಷಯ ಮನಸ್ಸಿಗೆ ಹಚ್ಕೊಳ್ಬೇಡ ಆಯ್ತಾ. ಅಕ್ಕ ಕೊನೆಯವರೆಗೂ ಹೇಳ್ತಾ ಇದ್ದಳು, ಪಾಪ, ಆ ಹುಡುಗನಿಗೆ ಗೊತ್ತಿರಲಿಲ್ಲ ಅಂತ.”

ಸುತ್ತ ಯಾರೂ ಇರಲಿಲ್ಲ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ಹೌದು, ಗೊತ್ತಿರಲಿಲ್ಲ ಎಂದು ತಲೆಯಾಡಿಸಿದೆ.