ಬೀರಲಿಂಗನ ಕೈ

ಮರೋಳದ ಹುಚ್ಚವ್ವ ಹೊಲದ ಬದುವಿನ ಮೇಲೆ ನಿಂತು ಕುರಿ ಕರೆದಳೆಂದರೆ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಕೂತವರು ತಮ್ಮನ್ನೇ ಕರೆದಳೆಂದು ಎದ್ದು ಹೊರಡುತ್ತಾರೆ. ಇಳಕಲ್ಲಿನಲ್ಲಿ ಮಗ್ಗಗಳು ನಿಂತು ಕಿವಿಗೊಡುತ್ತವೆ. ನಾನು ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ. ಇಂಥ ಹೆಂಗಸಿಗೆ ಬಾಗಲಕೋಟೆಯ ದವಾಖಾನೆಯವರು ಕೊಟ್ಟ ಕೆಲಸವೆಂದರೆ ಸುಮ್ಮನೆ ಕೂಡುವುದು.

ಮೊಮ್ಮಗ ಬೀರಲಿಂಗನಿಗೆ ಆರು ತಿಂಗಳಾದಾಗ ಒಂದು ಹೊಸ ಆಟ ಶುರುವಾಗಿತ್ತು. ನಿದ್ದೆಯಿಂದ ಎದ್ದ ಕೂಡಲೇ ಕತ್ತು ಬಾಗಿಸಿ ಎರಡೂ ಕೈ ಮುಂದೆ ಎತ್ತುತ್ತಿದ್ದ. ಬಿಡುತ್ತಿದ್ದ. ಮತ್ತೆ ಬಾಗುತ್ತಿದ್ದ.

"ಮನಿದೇವ್ರು ಬೀರಪ್ಪಗ ಕೈ ಮುಗಿಯಾಕತ್ತಾನ ನನ್ನ ಬಂಗಾರ," ಎಂದು ಹುಚ್ಚವ್ವ ಓಣಿಗೆಲ್ಲ ಸಾರಿದಳು. ನೋಡಲು ಬಂದವರ ಚಪ್ಪಲಿ ರಾಶಿಯಲ್ಲಿ ಮನೆಯ ಬಾಗಿಲೇ ಮುಚ್ಚಿಹೋಯಿತು. ಕೆಲವರು ತಿರುಗಿ ಕೂಸಿಗೇ ಕೈ ಮುಗಿದರು.

ಸೊಸೆ ಸುರೇಖಾ ಮಾತ್ರ ನಗಲಿಲ್ಲ. "ಅತ್ತಿ, ಕೈ ಮುಗದ ಮ್ಯಾಲೆ ಅಳತಾನ್ರಿ. ಮೊದಲ ನನ್ನ ನೋಡಿ ನಗ್ತಿದ್ದ, ಈಗ ನೋಡೂದ ಇಲ್ಲ."

ಬಾಗಲಕೋಟೆಗೆ ಒಯ್ದರು. ಡಾಕ್ಟರು ಸುರೇಖಾಳ ಮೊಬೈಲಿನ ವಿಡಿಯೋ ನೋಡಿ, ತಲೆಯ ತಪಾಸಣೆ ಮಾಡಿಸಿ, ಇದು ನಮಸ್ಕಾರವಲ್ಲ, ಕೂಸುಗಳಿಗೆ ಬರುವ ಜೋರಿನ ಫಿಟ್ಸ್ ಎಂದರು. ಔಷಧಿಗೆ ಫಿಟ್ಸ್ ನಿಂತಿತು. ಆದರೆ ಕೂಸು ಕಲಿತದ್ದನ್ನೆಲ್ಲ ಮರೆತಿತ್ತು. ಕತ್ತು ನಿಲ್ಲುತ್ತಿರಲಿಲ್ಲ, ಕಣ್ಣು ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಅಂದಿನಿಂದ ಹುಚ್ಚವ್ವ ಅವನ ಎದುರು ಯಾರಿಗೂ ಕೈ ಮುಗಿಯಲಿಲ್ಲ. ಬೀರಪ್ಪನಿಗೂ ಬರೀ ತಲೆ ಅಲ್ಲಾಡಿಸುತ್ತಿದ್ದಳು, ಸಂತೆಯಲ್ಲಿ ಪರಿಚಯದವರು ಕಂಡಾಗ ಮಾಡುವಂತೆ. ಕೂಸು ತನ್ನನ್ನು ಮತ್ತೊಮ್ಮೆ ನೋಡಿದರೆ ಸಾಕಿತ್ತು ಆಕೆಗೆ.

ಅತ್ತೆ ಸೊಸೆ ದವಾಖಾನೆಯ ಹತ್ತಿರವೇ ಬಾಡಿಗೆಗೊಂದು ಖೋಲಿ ಹಿಡಿದರು. ದಿನಾ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತರಬೇತಿ. ಥೆರಪಿ ಮಾಡಿಸುವ ಸುಧಾರಾಣಿ ಕೂಸನ್ನು ಸುತ್ತಿದ ಟವೆಲ್ಲಿನ ಮೇಲೆ ಬೋರಲು ಹಾಕಿ ಕತ್ತು ಎತ್ತಿಸುತ್ತಿದ್ದಳು, ಆಸರೆ ಕೊಟ್ಟು ಕೂಡಿಸುತ್ತಿದ್ದಳು. ಹುಚ್ಚವ್ವ ಮೊದಲ ದಿನವೇ ಇದ್ದಬದ್ದ ಆಟಿಕೆಗಳನ್ನೆಲ್ಲ ಒಟ್ಟಿಗೆ ಬಾರಿಸಿ, ಮೇಲೊಂದು ಕುರಿ ಕೂಗು ಹಾಕಿದಳು. ಕೂಸು ಬೆಚ್ಚಿತು. ಬೀದಿಯ ನಾಯಿಗಳು ಕೆರೂರಿನ ದಾರಿ ಹಿಡಿದವು.

"ಆಯಿ, ಒಂದ ಸಾಮಾನ ಹಿಡೀರಿ. ಮಾತ ಬ್ಯಾಡ. ಅಂವಾ ತಾನ ಕೈ ಚಾಚೂತನಕ ಕಾಯ್ರಿ."

"ಎಷ್ಟೊತ್ತವ್ವಾ?"

"ಅಂವಗ ಎಷ್ಟೊತ್ತ ಬೇಕೋ ಅಷ್ಟೊತ್ತ."

ಚಹಾ ಕುದಿಯುವಷ್ಟು ಹೊತ್ತೂ ಕಾಯದ ಹುಚ್ಚವ್ವ, ಊರಿಗೆ ಹೋಗಿ ಟಗರಿನ ಕೊರಳ ಗಂಟೆ ಬಿಚ್ಚಿ ತಂದು ಮೊಮ್ಮಗನ ಎದುರು ಹಿಡಿದು ಕೂತಳು. ಒಮ್ಮೆ ಮೆಲ್ಲಗೆ ಅಲ್ಲಾಡಿಸುವುದು, ಸುಮ್ಮನಾಗುವುದು. ಬೇಸಿಗೆ ಹೋಗಿ ಮಳೆಗಾಲ ಬಂತು. ಬಾದಾಮಿಯ ಬಂಡೆಗಳೂ ಇಷ್ಟು ಗಟ್ಟಿಯಾಗಿ ಕೂತಿಲ್ಲ.

ಒಂದು ಬೆಳಿಗ್ಗೆ ಬೀರಲಿಂಗನ ಕತ್ತು ಮುಂದೆ ಬಾಗಿತು. ಕೈ ಎದ್ದಿತು. ಹುಚ್ಚವ್ವ ಕಣ್ಣು ಮುಚ್ಚಿಬಿಟ್ಟಳು.

"ಮತ್ತ ಬಂತೇನವ್ವಾ ಅದು?"

"ಕಣ್ಣ ತಗೀರಿ ಆಯಿ," ಸುಧಾರಾಣಿ ಪಿಸುಗುಟ್ಟಿದಳು. "ಒಂದ ಕೈ ಅದ. ಕಣ್ಣೂ ಗಂಟಿ ಮ್ಯಾಲ ಅದಾವು."

ಆ ಕೈ ಅಡ್ಡಾದಿಡ್ಡಿ ತೇಲುತ್ತ ಬಂದು ಗಂಟೆ ಹಿಡಿದು ಜಗ್ಗಿತು. ಹುಚ್ಚವ್ವ ಬಿಡಲಿಲ್ಲ, ಇನ್ನೊಮ್ಮೆ ಜಗ್ಗಲಿ ಎಂದು. ಬಿಡದವರು ಯಾರೆಂದು ಕೂಸು ತಲೆ ಎತ್ತಿ ಆಕೆಯ ಮುಖ ನೋಡಿತು.

ಬೀರಲಿಂಗ ಇನ್ನೂ ತಾನಾಗಿ ಕೂಡುವುದಿಲ್ಲ. ಯಾವಾಗ ಕೂಡುತ್ತಾನೆಂದು ಸುಧಾರಾಣಿಯೂ ಮಾತು ಕೊಟ್ಟಿಲ್ಲ. ಹಬ್ಬಕ್ಕೆ ಊರಿಗೆ ಬಂದಾಗ ಎದುರು ಮನೆಯ ಕಾಸಿಂಬಿ ಕೇಳಿದಳು, "ಏನವಾ ಹುಚ್ಚವ್ವ, ಈಗೂ ಕೈ ಮುಗೀತಾನೇನ ನಿನ್ನ ಮೊಮ್ಮಗ?"

"ಇಲ್ಲವಾ," ಎಂದಳು ಹುಚ್ಚವ್ವ, ಮಲಗಿದ ಕೂಸಿಗೂ ಕೇಳದಷ್ಟು ಮೆಲ್ಲಗೆ. "ಈಗ ಕೈಯಾಗಿಂದ ಕಸಗೋತಾನ."