ಫ್ರಾಂಕ್‌ಫರ್ಟಿನ ಹೊಸ ಹಳೇಪೇಟೆ

ಜಾಣರೇ, ಹೇಳಿ ನೋಡೋಣ: ನೀವು ಮನೆ ಬದಲಾಯಿಸಿದರೆ ಸತ್ತವರಿಗೆ ಹೊಸ ವಿಳಾಸ ಕೊಡುವವರು ಯಾರು?

ನನಗಂತೂ ಗೊತ್ತಿರಲಿಲ್ಲ. ಅದಕ್ಕೇ ಹಟ ಹಿಡಿದಿದ್ದೆ. ನಮ್ಮವರು ತೀರಿಕೊಂಡದ್ದು ಸಿಡ್ನಿಯ ಟೂಂಗಾಬಿಯಲ್ಲಿ, ಬಾಡಿಗೆ ಮನೆಯಲ್ಲಿ. ತಿಥಿಯ ದಿನ ಹಿತ್ತಲ ಬೇಲಿಯ ಮೇಲೆ ಎಡೆ ಇಟ್ಟರೆ ಒಂದು ಕಾಗೆ ಬಂದು, ನನ್ನನ್ನು ಓರೆಯಾಗಿ ನೋಡಿ, ಮೊದಲು ವಡೆಯನ್ನೇ ಎತ್ತಿಕೊಂಡು ಹೋಗುತ್ತಿತ್ತು. ಅವರ ಬುದ್ಧಿಯೇ ಅದು. ಈಗ ಮಗಳು, ಅಳಿಯ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಮನೆ ಕೊಂಡು ನನ್ನನ್ನೂ ಹೊರಡು ಎನ್ನುತ್ತಿದ್ದರು. ಇಲ್ಲೇ ಒಂದು ರೂಮ್ ಹಿಡಿದು ಇರುತ್ತೇನೆ ಎಂದಿದ್ದೆ. ನಾನು ಹೋದರೆ ಅವರು ಬಂದು ಯಾರಿಗಾಗಿ ಕಾಯಬೇಕು?

ಅಷ್ಟರಲ್ಲಿ ಅಳಿಯನಿಗೆ ಜರ್ಮನಿಯಲ್ಲಿ ಆಫೀಸ್ ಕೆಲಸ ಬಿತ್ತು, ನಮ್ಮನ್ನೂ ಕರೆದೊಯ್ದ. ಅವನು ಮೀಟಿಂಗಿಗೆ ಹೋದ ದಿನ ಮಗಳು ನನ್ನನ್ನು ಫ್ರಾಂಕ್‌ಫರ್ಟಿನ ಹಳೇಪೇಟೆಗೆ ಕರೆದುಕೊಂಡು ಹೋದಳು. ಚೂಪು ಚಾವಣಿಗಳು, ಬೀದಿಯ ಕಡೆಗೆ ಬಾಗಿ ನಿಂತ ಮಹಡಿಗಳು.

"ಎಷ್ಟು ಹಳೇದೇ ಇದು?"

"ನನ್ನ ಮದುವೆಗಿಂತ ಹೊಸದಮ್ಮ. ಯುದ್ಧದಲ್ಲಿ ಬಾಂಬ್ ಬಿದ್ದು ಸುಟ್ಟುಹೋಗಿತ್ತಂತೆ. ಹಂಗೇ ಕಾಪಿ ಹೊಡ್ದು ಮತ್ತೆ ಕಟ್ಟಿದಾರೆ."

ಹತ್ತಿರ ಹೋಗಿ ನೋಡಿದೆ. ತೊಲೆಗಳಿಗೆ ಹೊಗೆ ಹಿಡಿದಿಲ್ಲ, ಮೆಟ್ಟಿಲು ಸವೆದಿಲ್ಲ. ಆದರೂ ಕಿಟಕಿಗಳ ಹಿಂದೆ ಯಾರೋ ನಿಂತು, ಇದು ನಮ್ಮನೆಯೋ ಅಲ್ಲವೋ ಎಂದು ಅನುಮಾನಿಸುತ್ತಿರುವ ಹಾಗಿತ್ತು. ಒಂದು ಹೊಸ ಗೋಡೆಯಲ್ಲಿ ಒಂದು ಹಳೆಯ ಕಲ್ಲನ್ನು ಕೂರಿಸಿದ್ದರು. ಅದರ ಅಂಚು ಕಪ್ಪಾಗಿತ್ತು. ಕೈಯಿಟ್ಟೆ, ತಣ್ಣಗೆ ಕೊರೆಯಿತು. ಚೀಲದ ಡಬ್ಬಿಯಿಂದ ಒಂದು ತುತ್ತು ಮೊಸರನ್ನ ತೆಗೆದು ಅದರ ಬುಡದಲ್ಲಿಟ್ಟೆ.

"ಅಮ್ಮಾ! ಫೈನ್ ಹಾಕ್ತಾರೆ, ತೆಗಿ!"

"ಇರೇ. ಇಲ್ಲಿ ಸುಟ್ಟುಹೋದೋರಿಗೆ ಯಾರೂ ಎಡೆ ಇಟ್ಟಿಲ್ಲ ಅನ್ಸುತ್ತೆ."

ಕಾದೆವು. ಕಾಗೆಯಿರಲಿ, ಒಂದು ಪಾರಿವಾಳವೂ ಇಳಿಯಲಿಲ್ಲ. ಸುತ್ತ ಪ್ರವಾಸಿಗರು ಫೋಟೋ ತೆಗೆದುಕೊಳ್ಳುತ್ತಿದ್ದರು. ಅನ್ನ ಅಲ್ಲೇ ಒಣಗತೊಡಗಿತು.

"ನೋಡಿದ್ಯಾ? ಇದ್ದ ಹಂಗೇ ಮನೆ ಕಟ್ಟಿಟ್ರೂ ಒಬ್ರೂ ವಾಪಸ್ ಬಂದಿಲ್ಲ. ಇನ್ನು ನಿಮ್ಮಪ್ಪಂಗೆ ಕಂಡೇ ಇಲ್ದಿರೋ ಪಾಯಿಂಟ್ ಕುಕ್ ಹೆಂಗೆ ಸಿಗುತ್ತೆ? ನಾ ಬರಲ್ಲ ಕಣೇ."

ಮಗಳು ಬಗ್ಗಿ ಆ ಅನ್ನವನ್ನು ಟಿಶ್ಯೂನಲ್ಲಿ ಎತ್ತಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ.

"ಅಪ್ಪ ಆ ಟೂಂಗಾಬಿ ಮನೇನ ದಿನಾ ಬೈಕೊಳ್ತಿದ್ರು, ಮರ್ತ್ಯಾ? ನೀನಿದೀಯ ಅಂತ ಇದ್ರು ಅಷ್ಟೇ. ನೀನಿಲ್ದಿರೋ ಕಡೆ ಅವರಿಗೇನಮ್ಮ ಕೆಲ್ಸ?"