ಅರ್ಧ ಗಂಟೆ ಅಕ್ಕನ ಮೂಗು

ಅಡುಗೆಗೆ ಹೋಗುತ್ತಿದ್ದ ಮೂರೂ ಮನೆಗಳಲ್ಲಿ ಅವಳಿಗೆ ‘ಅರ್ಧ ಗಂಟೆ ಅಕ್ಕ’ ಎಂದೇ ಹೆಸರು. ತೋಳು ಮಡಚಿ ಒಲೆಯ ಮುಂದೆ ನಿಂತಳೆಂದರೆ ಅರ್ಧ ಗಂಟೆಯಲ್ಲಿ ಅನ್ನ, ಹಬೆಯಲ್ಲಿ ಬೆಂದ ಮೀನು, ಹಸಿರು ಕೆಡದಂತೆ ಬಾಡಿಸಿದ ಬೀನ್ಸ್ ಮೇಜಿನ ಮೇಲಿರುತ್ತಿದ್ದವು. ಎಣ್ಣೆ ಒಂದೇ ಚಮಚ. “ತಾಜಾ ಇದ್ರೆ ಮಸಾಲೆ ಯಾಕ್ರೀ? ಹಳಸಿದ್ದನ್ನ ಮುಚ್ಚೋಕಲ್ವಾ ಅದು?” ಎನ್ನುತ್ತಿದ್ದಳು.

ಒಂದು ವಾರ ಜ್ವರ ಬಂದು ಬಿಟ್ಟಿತು. ಹೋಗುವಾಗ ವಾಸನೆ, ರುಚಿ ಎರಡನ್ನೂ ಹೊತ್ತುಕೊಂಡು ಹೋಯಿತು. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಒತ್ತಿಕೊಂಡಳು. ಚರ್ಮ ಸುಟ್ಟಿತೇ ವಿನಾ ಘಾಟು ಬರಲಿಲ್ಲ. “ಬರಬಹುದು, ಬರದೇನೂ ಇರಬಹುದು,” ಎಂದರು ಡಾಕ್ಟರು. ಅವಳು ಯಾರಿಗೂ ಹೇಳಲಿಲ್ಲ. ಗಂಡನಿಗೆ ಮಾತ್ರ ಗೊತ್ತು.

“ಹೇಳ್ಬಿಡೇ, ಹೊಟ್ಟೆಯೊಳಗೆ ಕೆಂಡ ಇಟ್ಕೊಂಡು ಎಷ್ಟು ದಿನ ಅಂತ ಓಡಾಡ್ತೀಯ?”

“ಹೇಳಿದ್ರೆ ನಾಳೆ ಯಾರು ಬಾಗಿಲು ತೆಗೀತಾರೆ? ಮೂಗಿಲ್ಲದ ಅಡುಗೆಯವಳು, ಕಣ್ಣಿಲ್ಲದ ಡ್ರೈವರ್, ಎರಡೂ ಒಂದೇ.”

ಉಪ್ಪನ್ನು ಚಮಚದಲ್ಲಿ ಅಳೆದು ಹಾಕಿದಳು. ಮೀನಿನ ಕಿವಿರು ಕೆಂಪಗಿದೆಯೇ, ಬೆರಳಿನಿಂದ ಒತ್ತಿದರೆ ಮಾಂಸ ಮೇಲೇಳುತ್ತದೆಯೇ ನೋಡಿದಳು. ಹೀಗೆ ಎರಡು ತಿಂಗಳು ದೂಡಿದಳು. ಪ್ರತಿ ತಟ್ಟೆ ಬಡಿಸಿದ ಮೇಲೂ ಉಣ್ಣುವವರ ಮುಖವನ್ನೇ ಕಳ್ಳಿಯಂತೆ ನೋಡುತ್ತ ನಿಲ್ಲುತ್ತಿದ್ದಳು.

ಎರಡನೆಯ ಮನೆಯಲ್ಲಿ ಹೃದಯದ ಆಪರೇಷನ್ ಆದ ಮೇಷ್ಟ್ರು, ಅವರ ಮಗಳು ಇದ್ದರು. ಒಂದು ಬೆಳಿಗ್ಗೆ ಅವರ ಫ್ರಿಜ್ಜಿನಲ್ಲಿ ಸುಲಿದ ಸೀಗಡಿಯ ಪೊಟ್ಟಣವಿತ್ತು. ತಲೆಯಿಲ್ಲ, ಸಿಪ್ಪೆಯಿಲ್ಲ, ಕಣ್ಣಿಗೆ ಗುರುತು ಹೇಳುವಂಥದ್ದೇನೂ ಇಲ್ಲ. ಒತ್ತಿ ನೋಡಿದಳು, ತಣ್ಣಗೆ, ಗಟ್ಟಿಯಾಗಿಯೇ ಇದ್ದವು. ಮೂಸಿ ನೋಡಲು ಯಾರನ್ನಾದರೂ ಕರೆಯೋಣವೆಂದರೆ ಮಗಳು ಕೆಲಸಕ್ಕೆ ಹೋಗಿದ್ದಳು, ಮೇಷ್ಟ್ರು ನೆಗಡಿಯಿಂದ ಸೀನುತ್ತಿದ್ದರು. ಆದರೂ ಮೆಣಸಿನಪುಡಿ, ಕ್ಯಾರೆಟ್ ಹಾಕಿ ಬಾಡಿಸಿ ನಿಂಬೆ ಹಿಂಡಿದಳು.

“ಭೇಷ್!” ಎಂದು ಮೇಷ್ಟ್ರು ತಟ್ಟೆ ಬಳಿದು ಉಂಡರು.

ಮಧ್ಯಾಹ್ನ ವಾಂತಿ ಶುರುವಾಯಿತು. ಸಂಜೆಗೆ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದರು. ಸುದ್ದಿ ಕೇಳಿ ಅವಳು ಓಡಿಹೋದಾಗ ಮಗಳು ಬೆಂಚಿನ ಮೇಲೆ ಕುಳಿತು ಬಿಕ್ಕುತ್ತಿದ್ದಳು.

“ನಂದೇ ತಪ್ಪು ಅಕ್ಕ. ನಿನ್ನೆ ಪೊಟ್ಟಣ ಕಾರಲ್ಲೇ ಮರೆತಿದ್ದೆ, ಬೆಳಿಗ್ಗೆ ಫ್ರಿಜ್ಜಿಗೆ ಇಟ್ಟೆ. ಕೆಟ್ಟಿದ್ರೆ ನೀವು ಹೇಗೂ ಎಸೀತೀರಲ್ಲಾ ಅಂದ್ಕೊಂಡೆ.”

ಬಾಯಿ ಬಿಟ್ಟರೆ ಅನ್ನ ಹೋಗುತ್ತದೆ, ಮುಚ್ಚಿದರೆ ಈ ಹುಡುಗಿ ಜೀವಮಾನವಿಡೀ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಅವಳು ಮಗಳ ಬೆನ್ನು ಸವರಿ, ಏನೂ ಹೇಳದೆ ಮನೆಗೆ ಬಂದಳು.

ಮರುದಿನವೂ ಮೇಷ್ಟ್ರು ಕಣ್ಣು ಬಿಡಲಿಲ್ಲ. ಇನ್ನು ತಡೆಯಲಾರದೆ ಆಸ್ಪತ್ರೆಗೆ ಹೋಗಿ, ಮಗಳು ಕುಳಿತಿದ್ದ ಬೆಂಚಿನ ಮುಂದೆ ನಿಂತು ಹೇಳಿಬಿಟ್ಟಳು.

“ನನಗೆ ವಾಸನೆ ಬರಲ್ಲಮ್ಮ. ಎರಡು ತಿಂಗಳಾಯ್ತು. ಅದಕ್ಕೇ ಎಸೀಲಿಲ್ಲ.”

ಮಗಳು ಬೆಂಚಿನಿಂದ ಎದ್ದು ನಿಂತಳು. “ಅಪ್ಪನ ಹೃದಯದ ವಿಷಯ ಗೊತ್ತಿದ್ದೂ…” ಎಂದು ಮಾತು ನುಂಗಿದಳು. ಆಮೇಲೆ ಮೆಲ್ಲಗೆ, “ಇನ್ಮೇಲೆ ಬರ್ಬೇಡಿ,” ಎಂದಳು.

ಮೇಷ್ಟ್ರು ನಾಲ್ಕನೆಯ ದಿನ ಚೇತರಿಸಿಕೊಂಡರು. ಅಷ್ಟರಲ್ಲಿ ಉಳಿದೆರಡು ಮನೆಗಳಿಗೂ ಅವಳೇ ಹೋಗಿ ವಿಷಯ ತಿಳಿಸಿದ್ದಳು. ಒಂದು ಮನೆಯವರು ಅಲ್ಲೇ ಕೀಲಿಕೈ ವಾಪಸು ಪಡೆದರು. ಇನ್ನೊಂದು ಮನೆಯ ಬಾಣಂತಿ ಮಾತ್ರ, “ಮೀನು ಬೇಡ, ತರಕಾರಿ ಮಾಡಿಟ್ಟು ಹೋಗಿ. ಉಪ್ಪು ನಾನು ನೋಡ್ಕೋತೀನಿ,” ಎಂದಳು.

ಈಗ ಅವಳು ದಿನಕ್ಕೊಂದೇ ಮನೆಯಲ್ಲಿ ಬೇಯಿಸುತ್ತಾಳೆ. ಉಳಿದ ಹೊತ್ತು ಮೀನಂಗಡಿಯ ಹಿಂದಿನ ಕಟ್ಟೆಯ ಮೇಲೆ ಕುಳಿತು, ಹತ್ತಿರ ನಿಲ್ಲಲೂ ಜನ ಮೂಗು ಮುಚ್ಚುವ ಕಡೆ, ಮೀನಿನ ಪೊರೆ ಹೆರೆಯುತ್ತಾಳೆ.